ಬಗ್ಗಲು ಹೆದರುವ ಬೆನ್ನು

ನನ್ನ ಹತ್ತಿರ ಸಲಹೆಗೆ ಬಂದವರು ಜಯನಗರದ ಕಡೆಯವರು, ನಲವತ್ತು ದಾಟಿದ ಹೆಂಗಸು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಹೋದ ವರ್ಷ ಸೊಂಟ ಹಿಡಿದುಕೊಂಡಿತ್ತು, ಸ್ಕ್ಯಾನ್‌ನಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸ್ವಲ್ಪ ಉಬ್ಬಿದೆ ಅಂತ ಬಂತು, ಯಾರೋ 'ಇನ್ನು ಬಗ್ಗಲೇಬೇಡಿ' ಅಂದುಬಿಟ್ಟರು. ನೋವು ಮುಕ್ಕಾಲು ಪಾಲು ಹೋಗಿದೆ. ಹೆದರಿಕೆ ಹೋಗಿಲ್ಲ. ರಂಗೋಲಿ ಈಗ ಅತ್ತೆಯ ಪಾಲು, ಬಿದ್ದ ಹೇರ್‌ಪಿನ್ ಎತ್ತಲೂ ಮಗನೇ ಬರಬೇಕು. "ಬೆನ್ನು ಬಿಗಿ ಹಿಡಿದರೆ ತಾನೇ ಮೂಳೆ ಜಾಗದಲ್ಲಿರೋದು?" ಅನ್ನೋದು ಅವರ ವಾದ.

ಅರ್ಧ ನಿಜ. ಬೆನ್ನುಮೂಳೆಗೆ ಆಸರೆ ಸ್ನಾಯು ಒಂದೇ ಅಲ್ಲ. ಡಿಸ್ಕ್ ಇದೆ, ಮೂಳೆಗೆ ಮೂಳೆ ಕಟ್ಟಿಹಿಡಿಯುವ ಲಿಗಮೆಂಟ್‌ಗಳಿವೆ, ಯಾವಾಗ ಎಷ್ಟು ಬಿಗಿಯಬೇಕು ಎಂದು ಹೇಳುವ ನರಗಳೂ ಇವೆ. ಬಗ್ಗಲು ಶುರು ಮಾಡಿದಾಗ ಬೆನ್ನಿನ ಸ್ನಾಯು ಬ್ರೇಕ್ ಹಾಗೆ ಹಿಡಿಯುತ್ತದೆ. ಪೂರ್ತಿ ಬಗ್ಗುವ ಹೊತ್ತಿಗೆ ಸೊಂಟದ ಹತ್ತಿರ ಅದು ಸುಮ್ಮನಾಗಿಬಿಡುತ್ತದೆ, ಭಾರವನ್ನು ಲಿಗಮೆಂಟ್, ಡಿಸ್ಕ್‌ಗಳು ಹೊರುತ್ತವೆ. ಫ್ಲಾಯ್ಡ್ ಮತ್ತು ಸಿಲ್ವರ್ ಎಂಬ ಸಂಶೋಧಕರು 1951ರಲ್ಲೇ ಸ್ನಾಯುವಿನ ವಿದ್ಯುತ್ ಅಳೆದು ಇದನ್ನು ತೋರಿಸಿದ್ದರು. ಬಹಳ ದಿನದ ಸೊಂಟನೋವು ಇರುವವರಲ್ಲಿ ಎಷ್ಟೋ ಸಲ ಸ್ನಾಯು ಹೀಗೆ ಬಿಡುವುದೇ ಇಲ್ಲ. ಬಿಗಿದಷ್ಟೂ ಮೂಳೆ ಅಲುಗುವುದು ಕಡಿಮೆ, ನಿಜ, ಆದರೆ ಡಿಸ್ಕ್ ಮೇಲೆ ಒತ್ತಡ ಜಾಸ್ತಿ, ಸ್ನಾಯುವಿಗೂ ಸುಸ್ತು.

ಕಾಲಿಗೆ ಜೋಮು ಇಲ್ಲ, ಬಲ ಕುಂದಿಲ್ಲ, ಮೂತ್ರದ ಹಿಡಿತ ಸರಿಯಿದೆ ಎಂದು ಫಿಸಿಯೋ ಮೊದಲು ಖಚಿತ ಮಾಡಿಕೊಂಡರು. ಇವುಗಳಲ್ಲಿ ಒಂದರಲ್ಲಿ ತೊಂದರೆಯಿದ್ದರೂ ಡಾಕ್ಟರ ಹತ್ತಿರ ಹೋಗಬೇಕು, ನನ್ನ ಹತ್ತಿರ ಅಲ್ಲ. ಆಮೇಲೆ ಜೊತೆಗೆ ಬಂದಿದ್ದ ಅತ್ತೆಯನ್ನೇ ಬಗ್ಗಿಸಿ, ಮೂಳೆಯ ಎರಡೂ ಬದಿ ಸೊಸೆಯ ಅಂಗೈ ಇಡಿಸಿದರು. ಅರ್ಧ ಬಗ್ಗುವವರೆಗೆ ಹುರಿ ಕಟ್ಟಿದಂತಿದ್ದ ಸ್ನಾಯು, ಕೈ ನೆಲದ ಹತ್ತಿರ ಬರುವಾಗ ಮೆತ್ತಗಾಯಿತು. ಸೊಸೆ ಬಗ್ಗಿದಾಗ ಕೊನೆವರೆಗೂ ಗಟ್ಟಿ, ಉಸಿರೂ ಹಿಡಿದಿದ್ದರು.

ನಾನು ಕೊಟ್ಟ ಸಲಹೆ ಸಣ್ಣದು. ದಿಂಬಿಟ್ಟ ಕುರ್ಚಿಯವರೆಗೆ, ಉಸಿರು ಬಿಡುತ್ತಾ, ನಿಧಾನವಾಗಿ ಬಗ್ಗಿ. ನೋವು ಹದವಾಗಿದ್ದರೆ ಮುಂದಿನ ವಾರ ಸ್ಟೂಲ್‌ವರೆಗೆ. ಎದ್ದ ಕೂಡಲೇ ಬೇಡ, ರಾತ್ರಿ ಮಲಗಿದ್ದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಒಂದು ಗಂಟೆ ಬಿಟ್ಟು ಮಾಡಿ. ಭಾರ ಎತ್ತುವಾಗ ಮಾತ್ರ ಈ ಮಾತು ಬೇರೆ. ಆಗ ಸ್ನಾಯು ಕೆಲಸ ಮಾಡಲೇಬೇಕು, ಪೂರ್ತಿ ಜೋತುಬಿದ್ದು ಎತ್ತಬಾರದು.

ಅತ್ತೆಗೂ ಒಂದು ಮಾತು ಹೇಳಿದೆ: ತುಂಬ ಹೊತ್ತು ಬಗ್ಗಿದ ಮೇಲೆ ಲಿಗಮೆಂಟ್ ಸಡಿಲವಾಗಿರುತ್ತದೆ, ರಂಗೋಲಿ ಮುಗಿದ ತಕ್ಷಣ ಬಕೆಟ್ ಎತ್ತಬೇಡಿ, ಸ್ವಲ್ಪ ಹೊತ್ತು ನಿಂತು ಓಡಾಡಿ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಸೊಸೆ ಈಗ ಸ್ಟೂಲ್ ಮಟ್ಟಕ್ಕೆ ಬಂದಿದ್ದಾರೆ, ಮನೆಯಲ್ಲಿ ಸರಾಗ. ಆಫೀಸಿನಲ್ಲಿ ನಾಲ್ಕು ಜನರ ಮುಂದೆ ಬಗ್ಗೋದು ಇನ್ನೂ ಕಷ್ಟ, ಸದ್ಯ ಅದರ ಮೇಲೆ ಕೆಲಸ ಮಾಡುತ್ತಿದ್ದೇವೆ.