ಕಣ್ಣು ಮುಚ್ಚಿದರೆ ಚಿತ್ರ ಕಾಣಲ್ಲ, ವಸ್ತುವನ್ನು ತಿರುಗಿಸಿ ಬಿಡಿಸೋದು ಹೇಗೆ?

ಪ್ರಶ್ನೆ: ಎದುರಿಗಿರುವ ವಸ್ತುವನ್ನು ನೋಡಿಕೊಂಡು ಚೆನ್ನಾಗಿಯೇ ಬಿಡಿಸುತ್ತೇನೆ. ಅದನ್ನೇ ಬೇರೆ ಕಡೆಯಿಂದ ಕಂಡಂತೆ ಬಿಡಿಸಬೇಕು ಅಂದರೆ ಕೈ ಓಡುವುದಿಲ್ಲ. ಕಣ್ಣು ಮುಚ್ಚಿದರೆ ಬರೀ ಕತ್ತಲೆ. ನನಗೆ ಈ ಶಕ್ತಿಯೇ ಇಲ್ಲವಾ? ಫೋನಿನ ತ್ರೀಡಿ ಆ್ಯಪ್ ಬಳಸಿದರೆ ತಪ್ಪಾ?

ಉತ್ತರ: ಕತ್ತಲೆ ಕಂಡಿತು ಅಂತ ಹೆದರಬೇಡಿ. ಮನಸ್ಸಿನಲ್ಲಿ ಚಿತ್ರವೇ ಮೂಡದ ಜನ ಇದ್ದಾರೆ. ನರವಿಜ್ಞಾನಿ ಆಡಂ ಝೆಮನ್ ಮತ್ತು ಸಂಗಡಿಗರು 2015ರಲ್ಲಿ ಇದಕ್ಕೆ ಅಫ್ಯಾಂಟೇಸಿಯಾ ಅಂತ ಹೆಸರಿಟ್ಟರು. ಡಿಸ್ನಿಯ ಮತ್ಸ್ಯಕನ್ಯೆ ಏರಿಯಲ್‌ಗೆ ರೂಪ ಕೊಟ್ಟ ಗ್ಲೆನ್ ಕೀನ್ ತಮಗೂ ಹೀಗೇ ಅಂತ ಹೇಳಿಕೊಂಡಿದ್ದಾರೆ. ಅವರ ತಲೆಯಲ್ಲಿ ಚಿತ್ರ ಸಿದ್ಧವಾಗಿ ಕೂತಿರುವುದಿಲ್ಲ, ಗೀರುತ್ತಾ ಗೀರುತ್ತಾ ಕಾಗದದ ಮೇಲೆಯೇ ಸಿಗುತ್ತದೆ. ಹಾಗಾಗಿ ಒಳಗೆ ಫೋಟೊ ಮೂಡಲಿ ಅಂತ ಕಾಯಬೇಡಿ. ನೀವು ತಿರುಗಿಸಬೇಕಾದ್ದು ವಸ್ತುವಿನ ಕಟ್ಟನ್ನು: ಯಾವ ಮುಖ ಎಲ್ಲಿದೆ, ಯಾವ ಅಂಚು ಎಲ್ಲಿಗೆ ಹೋಗಿ ಸೇರುತ್ತದೆ ಅನ್ನುವುದನ್ನು.

1971ರಲ್ಲಿ ಮನೋವಿಜ್ಞಾನಿಗಳಾದ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್ಲರ್ ಒಂದು ಪ್ರಯೋಗ ಮಾಡಿದರು. ಹತ್ತು ಘನಗಳನ್ನು ಜೋಡಿಸಿದಂಥ ಆಕೃತಿಗಳ ಎರಡೆರಡು ಚಿತ್ರಗಳನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸಿ ತೋರಿಸಿ, ಎರಡರಲ್ಲೂ ಇರುವುದು ಒಂದೇ ಆಕೃತಿನಾ ಅಂತ ಕೇಳಿದರು. ತಿರುವಿನ ಕೋನ ಹೆಚ್ಚಿದಷ್ಟೂ ಉತ್ತರಕ್ಕೆ ಹಿಡಿದ ಸಮಯವೂ ಅದೇ ಪ್ರಮಾಣದಲ್ಲಿ ಹೆಚ್ಚಿತು, ಸೆಕೆಂಡಿಗೆ ಸುಮಾರು 60 ಡಿಗ್ರಿಯ ಲೆಕ್ಕದಲ್ಲಿ. ಅಂದರೆ ಮನಸ್ಸೂ ಒಂದೇ ಸಲಕ್ಕೆ ಆ ಕಡೆಗೆ ಹಾರುವುದಿಲ್ಲ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತದೆ. ನೀವೂ ಹಾಗೇ ಮಾಡಿ. ಹಿಂಬದಿಯನ್ನು ಮೊದಲೇ ಊಹಿಸಲು ಹೋಗಬೇಡಿ, 15-20 ಡಿಗ್ರಿಯಿಂದ ಶುರು ಮಾಡಿ.

ಒಂದು ಬೆಂಕಿಪೊಟ್ಟಣ ಸಾಕು. ಮೂರು ಮುಖ ಕಾಣುವಂತೆ ಮೇಜಿನ ಮೇಲೆ ಓರೆಯಾಗಿಟ್ಟು ಬಿಡಿಸಿ. ಗಾಜಿನ ಪೆಟ್ಟಿಗೆಯೇನೋ ಅನ್ನುವ ಹಾಗೆ ಹಿಂದಿನ ಅಂಚುಗಳನ್ನೂ ತೆಳುವಾಗಿ ಎಳೆಯಿರಿ. ಕಡ್ಡಿ ಗೀರುವ ಬದಿಗೆ ಗುರುತು ಹಾಕಿ. ಈಗ ಪೊಟ್ಟಣ ಮುಟ್ಟದೆ, ಅದು ಸ್ವಲ್ಪ ಬಲಕ್ಕೆ ತಿರುಗಿದರೆ ಹೇಗಿರುತ್ತದೆ ಅಂತ ಪಕ್ಕದಲ್ಲೇ ಬಿಡಿಸಿ. ಆಮೇಲೆ ನಿಜವಾಗಿಯೂ ತಿರುಗಿಸಿ, ಬೇರೆ ಬಣ್ಣದ ಪೆನ್ನಿನಿಂದ ತಪ್ಪಿನ ಮೇಲೆಯೇ ತಿದ್ದಿ. ರಬ್ಬರ್ ಬೇಡ, ಎಲ್ಲಿ ತಪ್ಪಿತು ಅನ್ನುವುದು ಕಾಣುತ್ತಿರಬೇಕು. ಹೊಸಬರು ಹೆಚ್ಚಾಗಿ ಎಡವುವುದು ಒಂದೇ ಕಡೆ: ಒಂದು ಬದಿಯನ್ನು ಅಗಲ ಮಾಡುತ್ತಾರೆ, ಇನ್ನೊಂದನ್ನು ಕಿರಿದು ಮಾಡುವುದು ಮರೆಯುತ್ತಾರೆ. ಒಂದು ನಮ್ಮ ಕಡೆ ತಿರುಗಿದರೆ ಇನ್ನೊಂದು ದೂರ ಸರಿಯಲೇಬೇಕು, ಅಲ್ವಾ?

ಪೊಟ್ಟಣ ಕೈಗೆ ಬಂದ ಮೇಲೆ ಸ್ಟೀಲ್ ಲೋಟ ತಗೊಳ್ಳಿ. ಇದು ಸ್ವಲ್ಪ ಕಷ್ಟ, ಆದರೆ ಕಲಿಸುವುದು ಜಾಸ್ತಿ. ಕಣ್ಣಿನ ಮಟ್ಟಕ್ಕಿಂತ ಕೆಳಗೆ ನೆಟ್ಟಗೆ ನಿಂತ ಲೋಟದ ಬಾಯಿ ಚಪ್ಪಟೆಯ ಎಲಿಪ್ಸ್ ಆಗಿ, ಅಂದರೆ ಒತ್ತಿದ ವೃತ್ತದ ಹಾಗೆ ಕಾಣುತ್ತದೆ. ತಳ ಇನ್ನೂ ಕೆಳಗಿರುವುದರಿಂದ ಅದರ ಎಲಿಪ್ಸ್ ಬಾಯಿಗಿಂತ ದುಂಡಗಿರುತ್ತದೆ. ತಳವನ್ನು ನೇರ ಗೆರೆಯಲ್ಲಿ ಮುಗಿಸಿದರೆ ಲೋಟ ಅಲ್ಲೇ ಕೆಡುತ್ತದೆ. ಲೋಟವನ್ನು ಮಲಗಿಸಿ ಬಿಡಿಸುವಾಗ, ಬಾಯಿಯ ನಡುವಿನಿಂದ ತಳದ ನಡುವಿಗೆ ಒಂದು ಕಡ್ಡಿ ತೂರಿದೆ ಅಂದುಕೊಂಡು ಆ ಗೆರೆಯನ್ನು ಮೊದಲು ಎಳೆಯಿರಿ. ಎಲಿಪ್ಸಿನ ಗಿಡ್ಡ ಅಳತೆ ಯಾವಾಗಲೂ ಆ ಗೆರೆಯ ಜೊತೆಗೇ ಸಾಗುತ್ತದೆ, ಉದ್ದ ಅಳತೆ ಅದಕ್ಕೆ ಅಡ್ಡಲಾಗಿ ಬರುತ್ತದೆ. ಇದೊಂದು ಗೊತ್ತಿದ್ದರೆ ಲೋಟವನ್ನು ಯಾವ ಕಡೆಗೆ ಬೇಕಾದರೂ ಉರುಳಿಸಬಹುದು. ಸ್ಕೂಟರಿನ ಚಕ್ರಕ್ಕೂ ಇದೇ ಲೆಕ್ಕ, ಅಲ್ಲಿ ಆಕ್ಸಲ್ಲೇ ಆ ಕಡ್ಡಿ.

ದೊಡ್ಡ ವಸ್ತುಗಳನ್ನು ಪೆಟ್ಟಿಗೆ, ಕೊಳವೆಗಳಾಗಿ ಒಡೆದುಕೊಳ್ಳಿ. ಹಸುವಿನ ಎದೆಗೂಡು ಒಂದು ಪೆಟ್ಟಿಗೆ, ಸೊಂಟ ಇನ್ನೊಂದು. ಮೊದಲು ಅವೆರಡನ್ನು ತಿರುಗಿಸಿ; ಕೊಂಬು, ಕಿವಿ ಆಮೇಲೆ.

ತ್ರೀಡಿ ಆ್ಯಪ್ ಬಳಸಿ, ತಪ್ಪೇನಿಲ್ಲ. ಆದರೆ ನಿಮ್ಮ ಊಹೆ ಕಾಗದದ ಮೇಲೆ ಬಂದ ಮೇಲಷ್ಟೇ ಅದನ್ನು ತೆರೆಯಿರಿ. ಮೊದಲೇ ನೋಡಿಬಿಟ್ಟರೆ ಅದು ಸುಮ್ನೆ ನಕಲು ಮಾಡಿದ ಹಾಗೆ. ಅದನ್ನಂತೂ ನೀವು ಈಗಾಗಲೇ ಚೆನ್ನಾಗಿ ಮಾಡುತ್ತಿದ್ದೀರಿ.