ಕಾರು ಕೊಡುವ ಮುಂಚೆ ಲೈಸೆನ್ಸ್ ಕೈಯಲ್ಲಿ ಹಿಡಿದು ನೋಡಿ

ಓದುಗರ ಪತ್ರ: ಮದುವೆ ಸೀಸನ್ ಬಂತೆಂದರೆ ಅಕ್ಕನ ಮಗ ನನ್ನ ಕಾರು ಕೇಳುತ್ತಾನೆ. ಈ ಸಲ ಗೆಳೆಯರ ಜೊತೆ ಸೊಲ್ಲಾಪುರಕ್ಕೆ ಹೋಗಬೇಕಂತೆ. ಡೀಸೆಲ್ ಹಾಕಿಸಿ, ಮೇಲೆ ಎರಡು ಸಾವಿರ ಕೊಡುತ್ತೇನೆ ಅನ್ನುತ್ತಾನೆ. ಇನ್ಸೂರೆನ್ಸ್ ನನ್ನ ಹೆಸರಿನಲ್ಲಿದೆ. ಅವನು ಓಡಿಸಿದರೆ ನಡೆಯುತ್ತದೆಯೇ? ಏನಾದರೂ ಆದರೆ ಹೊಣೆ ಓಡಿಸಿದವನದೇ ಅಲ್ಲವೇ?
– ಜಮಖಂಡಿಯ ಓದುಗರು

ಸಂಪಾದಕರ ಉತ್ತರ:

ಅವನು ಓಡಿಸಿದರೆ ನಡೆಯುತ್ತದೆ. ಪಾಲಿಸಿ ನಿಮ್ಮ ಹೆಸರಿನಲ್ಲಿದ್ದರೂ ಅದು ಕಾಯುವುದು ಗಾಡಿಯನ್ನು. ಪಾಲಿಸಿಯಲ್ಲಿ ‘ಡ್ರೈವರ್ಸ್ ಕ್ಲಾಸ್’ (Driver's Clause, ಯಾರು ಓಡಿಸಬಹುದೆಂಬ ಷರತ್ತು) ಎಂಬ ಸಣ್ಣ ಅಕ್ಷರದ ಸಾಲುಗಳಿರುತ್ತವೆ, ಹುಡುಕಿ ಓದಿ. ಅಪಘಾತದ ಹೊತ್ತಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದು, ಅನರ್ಹನಾಗಿರದ ಯಾರು ಬೇಕಾದರೂ ಓಡಿಸಬಹುದು ಎಂದೇ ಅದರಲ್ಲಿರುತ್ತದೆ. ಸೊಲ್ಲಾಪುರ ಮಹಾರಾಷ್ಟ್ರದಲ್ಲಿದೆ ಎಂಬ ಚಿಂತೆಯೂ ಬೇಡ, ಪಾಲಿಸಿ ದೇಶದಾದ್ಯಂತ ನಡೆಯುತ್ತದೆ.

ಆದರೆ ಹೊಣೆ ಅವನೊಬ್ಬನದೇ ಅಲ್ಲ. ಅಜಾಗರೂಕ ಚಾಲನೆಯ ಪೊಲೀಸ್ ಕೇಸು ಓಡಿಸಿದವನ ಮೇಲೆ. ಪರಿಹಾರದ ಅರ್ಜಿ ಬಿದ್ದಾಗ ಮಾತ್ರ ಡ್ರೈವರ್, ಇನ್ಸೂರೆನ್ಸ್ ಕಂಪನಿಯ ಜೊತೆಗೆ ಆರ್‌ಸಿಯಲ್ಲಿ ಹೆಸರಿರುವ ನೀವೂ ಎದುರುದಾರರು. ಅಪಘಾತವಾದಾಗ ನೀವು ಜಮಖಂಡಿಯ ಮನೆಯಲ್ಲಿದ್ದಿರಿ ಎಂಬುದು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಎಲ್ಲವೂ ನಿಂತಿರುವುದು ಲೈಸೆನ್ಸಿನ ಮೇಲೆ. ‘ಐತಿ ಮಾಮಾ’ ಅಂದರೆ ಸಾಲದು, ತೆಗೆಸಿ ನೋಡಿ. ಎಲ್‌ಎಂವಿ (ಕಾರಿನಂಥ ಲಘು ಮೋಟಾರು ವಾಹನ) ಎಂದಿದೆಯೇ, ಬರೀ ಬೈಕಿನದೇ? ಅವಧಿ ಯಾವತ್ತಿಗೆ ಮುಗಿಯುತ್ತದೆ? ಮುಗಿದ ಮೇಲೂ 30 ದಿನ ನಡೆಯುತ್ತದೆ ಎಂದು ಬಹಳ ಜನ ಇನ್ನೂ ನಂಬಿದ್ದಾರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಆ ರಿಯಾಯಿತಿ ಇಲ್ಲ. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಅವನ ಎದುರಿಗೇ ತೆರೆದು ನೋಡಿ, ಲೈಸೆನ್ಸಿನ ಫೋಟೋ ವಾಟ್ಸ್ಆ್ಯಪಿಗೆ ಕಳಿಸಲು ಹೇಳಿ. ಆ ಫೋಟೋ, ಅದರ ದಿನಾಂಕ ಅಳಿಸಬೇಡಿ. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟಿದ್ದರೆ ಕಂಪನಿ ಸಾಮಾನ್ಯವಾಗಿ ಮೊದಲು ಗಾಯಾಳುವಿಗೆ ಹಣ ಕೊಟ್ಟು, ಆಮೇಲೆ ಅಷ್ಟನ್ನೂ ಮಾಲೀಕನಿಂದ ವಸೂಲಿ ಮಾಡಬಹುದು. ಸಾವಿನ ಪ್ರಕರಣದಲ್ಲಿ ಅದು ಹೊಲ ಮಾರುವಷ್ಟು ದೊಡ್ಡ ಮೊತ್ತ. ಮಾಲೀಕ ಲೈಸೆನ್ಸ್ ನೋಡಿಯೇ ಕೊಟ್ಟಿದ್ದರೆ, ಬೇಕೆಂದೇ ಷರತ್ತು ಮುರಿದನೆಂದು ಸಾಬೀತು ಮಾಡುವ ಭಾರ ಕಂಪನಿಯದು. 2004ರಲ್ಲೇ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ನಿಮ್ಮ ಮೊಬೈಲಿನ ಆ ಫೋಟೋಕ್ಕೆ ಬೆಲೆ ಬರುವುದು ಅಲ್ಲಿ.

ಲೈಸೆನ್ಸ್ ಇಲ್ಲದವನಿಗೆ ಕೊಟ್ಟದ್ದಕ್ಕೇ ಮಾಲೀಕನಿಗೆ 5,000 ರೂಪಾಯಿ ದಂಡ. ಹದಿನೆಂಟು ತುಂಬದ ಹುಡುಗರ ಕೈಗೆ ಕೊಟ್ಟರಂತೂ 25,000 ದಂಡ, ಮೂರು ವರ್ಷದವರೆಗೆ ಜೈಲು, 12 ತಿಂಗಳು ಗಾಡಿಯ ನೋಂದಣಿ ರದ್ದು. ಗೆಳೆಯರ ಗುಂಪಿನಲ್ಲಿ ಸ್ಟೇರಿಂಗ್ ಕೈಯಿಂದ ಕೈಗೆ ಹೋಗುತ್ತದೆ. ಬೇರೆ ಯಾರೂ ಓಡಿಸಕೂಡದು ಎಂದು ಖಡಾಖಂಡಿತವಾಗಿ ಹೇಳಿಯೇ ಕೀಲಿ ಕೊಡಿ.

ಆ ಎರಡು ಸಾವಿರ ಬೇಡ. ಡೀಸೆಲ್ ಅವನೇ ಹಾಕಿಸಿಕೊಳ್ಳಲಿ. ವೈಟ್ ಬೋರ್ಡ್ ಗಾಡಿಗೆ ಹಣ ಪಡೆದರೆ ಅದು ಬಾಡಿಗೆ. ಖಾಸಗಿ ಪಾಲಿಸಿ ಬಾಡಿಗೆಯ ಓಡಾಟಕ್ಕಲ್ಲ. ಫೋನ್‌ಪೇ ದಾಖಲೆಯೊಂದೇ ನಿಮ್ಮ ಕ್ಲೇಮಿಗೆ ಮುಳುವಾದೀತು.

ಇನ್ನು ನಿಮ್ಮ ಅಳಿಯನ ಸ್ವಂತ ಜೀವದ ಮಾತು. ನಿಮ್ಮ ಪಾಲಿಸಿಯ 15 ಲಕ್ಷದ ಕಡ್ಡಾಯ ಪಿಎ (ವೈಯಕ್ತಿಕ ಅಪಘಾತ) ಕವರ್ ಮಾಲೀಕನೇ ಓಡಿಸುವಾಗ ಮಾತ್ರ, ಅವನಿಗೆ ಸಿಗುವುದಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯದೇ ಪ್ರಕರಣವಿದೆ. ಇಳಕಲ್‌ನಿಂದ ತನ್ನೂರು ಗುಡೂರಿಗೆ ಹೋಗಲು ಬೇರೆಯವರ ಬೈಕ್ ಒಯ್ದವನೊಬ್ಬ, ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಚಕ್ಕಡಿ ಹಠಾತ್ತನೆ ನಿಂತಾಗ ಡಿಕ್ಕಿ ಹೊಡೆದು ತೀರಿಕೊಂಡ. ಗಾಡಿ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ತಪ್ಪು ಯಾರದೆಂದು ಸಾಬೀತು ಮಾಡದೆ ಪರಿಹಾರ ಕೇಳಲು ಮೋಟಾರು ವಾಹನ ಕಾಯ್ದೆಯಲ್ಲಿ ಆಗ ಇದ್ದ 163ಎ ಕಲಮು ಅವನ ಮನೆಯವರಿಗೆ ಅನ್ವಯಿಸದು ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ಅವನ ಹೆಸರಿನಲ್ಲೇ ಅಪಘಾತ ವಿಮೆ ಇರಲಿ. ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ಸಿಗುತ್ತದೆ. ಕನಿಷ್ಠ ಅಷ್ಟಾದರೂ ಮಾಡಿಸಲಿ.

ಜೊತೆಗೆ ಕೂತ ಗೆಳೆಯರ ಬಗ್ಗೆ: ನಿಮ್ಮದು ಪ್ಯಾಕೇಜ್ ಪಾಲಿಸಿಯಾದರೆ (ಥರ್ಡ್ ಪಾರ್ಟಿ ಜೊತೆಗೆ ಸ್ವಂತ ಕಾರಿನ ಹಾನಿಯೂ ಸೇರಿದ್ದು) ಅವರಿಗೂ ರಕ್ಷಣೆ ಇದೆ. ಬರೀ ಥರ್ಡ್ ಪಾರ್ಟಿ ಕಟ್ಟಿದ್ದರೆ ಕಾರಿನೊಳಗಿನವರಿಗೂ ಇಲ್ಲ, ಕಾರಿನ ರಿಪೇರಿಗೂ ಇಲ್ಲ. ಅಂಥ ಪಾಲಿಸಿ ಇಟ್ಟುಕೊಂಡು ಐದು ಜನರನ್ನು ದೂರದೂರಿಗೆ ಕಳಿಸಬೇಡಿ ಎಂದೇ ನಮ್ಮ ಸಲಹೆ.

ಅಪಘಾತವಾದಾಗ ನಮ್ಮ ಕಡೆ ಹೆಚ್ಚಾಗಿ ನಡೆಯುವ ತಪ್ಪು ಡ್ರೈವರ್ ಬದಲಿಸುವುದು. ಲೈಸೆನ್ಸ್ ಇಲ್ಲದವನು ಅಥವಾ ಕುಡಿದವನು ಓಡಿಸಿರುತ್ತಾನೆ, ಕ್ಲೇಮ್ ಫಾರ್ಮಿನಲ್ಲಿ ಮಾಲೀಕನ ಹೆಸರು ಬರೆಯುತ್ತಾರೆ. ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಿನ ಗಾಯಾಳುಗಳ ದಾಖಲೆ) ಪುಸ್ತಕದಲ್ಲಿ ಗಾಯಾಳು ತಾನೇ ಡ್ರೈವರ್ ಎಂದು ಹೇಳಿರುತ್ತಾನೆ, ಟೋಲ್ ನಾಕಾದ ಕ್ಯಾಮೆರಾದಲ್ಲಿ ಮುಖ ಬಿದ್ದಿರುತ್ತದೆ. ಕಂಪನಿಯ ತನಿಖೆಯವರು ಮೊದಲು ನೋಡುವುದೇ ಇವನ್ನು. ಸುಳ್ಳು ಸಿಕ್ಕರೆ ಕ್ಲೇಮು ಹೋಗುವುದಲ್ಲದೆ ವಂಚನೆಯ ಕೇಸೂ ಬೀಳಬಹುದು. ಮೊದಲು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಪೊಲೀಸರಿಗೆ ತಿಳಿಸಿ, ಅದೇ ದಿನ ಕಂಪನಿಗೆ ಫೋನ್ ಮಾಡಲಿ. ಹಾನಿ ಅಂದಾಜು ಮಾಡುವ ಸರ್ವೇಯರ್ ನೋಡುವವರೆಗೆ ರಿಪೇರಿ ಬೇಡ.

ಸಣ್ಣ ಪೆಟ್ಟಾದರೆ ಕ್ಲೇಮ್ ಹಾಕುವ ಮುಂಚೆ ಲೆಕ್ಕ ಮಾಡಿ. ಐದು ವರ್ಷ ಕ್ಲೇಮಿಲ್ಲದೆ ಗಳಿಸಿದ 50 ಶೇಕಡಾ ನೋ ಕ್ಲೇಮ್ ಬೋನಸ್ (ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಮುಂದಿನ ನವೀಕರಣದಲ್ಲಿ ಹೋಗುತ್ತದೆ, ಮತ್ತು ಅದು ಹೋಗುವುದು ನಿಮ್ಮದು, ಅವನದಲ್ಲ. ಬಂಪರ್, ಡೆಂಟಿನ ಖರ್ಚು ಅಳಿಯನೇ ಭರಿಸಬೇಕೆಂದು ಕೀಲಿ ಕೊಡುವಾಗಲೇ ಮಾತಾಗಲಿ.

ಕೊನೆಯದಾಗಿ, ಸೊಲ್ಲಾಪುರದ ಕೋರ್ಟಿನಿಂದ ನಿಮಗೆ ಸಮನ್ಸ್ ಬಂದರೆ ‘ನಾನು ಓಡಿಸಿಲ್ಲವಲ್ಲ’ ಎಂದು ಮೂಲೆಗಿಡಬೇಡಿ. ಗಾಯಾಳು ತನ್ನ ಊರಿನಲ್ಲೇ ಅರ್ಜಿ ಹಾಕಬಹುದು. ನೀವು ಹಾಜರಾಗದಿದ್ದರೆ ಏಕಪಕ್ಷೀಯ ಆದೇಶವಾಗುತ್ತದೆ, ಲೈಸೆನ್ಸ್ ನೋಡಿಯೇ ಕೊಟ್ಟಿದ್ದೆ ಎಂದು ಹೇಳುವವರೇ ಇರುವುದಿಲ್ಲ. ಸಮನ್ಸಿನ ಪ್ರತಿಯನ್ನು ಪಾಲಿಸಿಯ ಪ್ರತಿಯೊಂದಿಗೆ ಅದೇ ವಾರ ಕಂಪನಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ವಕೀಲರ ಮೂಲಕ ನಿಮ್ಮ ತಕರಾರು ಸಲ್ಲಿಸಿ.