‘ಬೇಡ’ ಎಂದವರೆಷ್ಟು, ಸಿಗದೇ ಹೋದವರೆಷ್ಟು?

ಓದುಗರ ಪತ್ರ: ಕೂಲಿ ಮಾಡಿ ಬದುಕುವವರೇ ಹೆಚ್ಚಿರುವ ಬಡಾವಣೆಯಲ್ಲಿ ನಾವು ಕೆಲವರು ಗರ್ಭಿಣಿಯರ ಆರೋಗ್ಯದ ಕೆಲಸ ಮಾಡುತ್ತಿದ್ದೇವೆ. ಗರ್ಭಿಣಿಯರ ಲಸಿಕೆಗೆ ದುಡ್ಡು ಕೊಡಬೇಕಿಲ್ಲ, ಆರೋಗ್ಯ ಕೇಂದ್ರವೂ ದೂರವಿಲ್ಲ. ಆದರೂ ಅರ್ಧದಷ್ಟು ಜನ ಹಾಕಿಸಿಕೊಂಡಿಲ್ಲ. ಇದು ಅಜ್ಞಾನವಲ್ಲದೆ ಮತ್ತೇನು? ಯಾವ ಬಗೆಯ ಜಾಗೃತಿ ಭಾಷಣ ಏರ್ಪಡಿಸಿದರೆ ಉಪಯೋಗವಾದೀತು?

ಸಂಪಾದಕರ ಉತ್ತರ: ಭಾಷಣವನ್ನು ಸದ್ಯಕ್ಕೆ ಬದಿಗಿಡಿ. ನೀವು ಹೇಳುವ ಆ ಅರ್ಧದಲ್ಲಿ ಎರಡು ಗುಂಪುಗಳು ಬೆರೆತಿವೆ: ಲಸಿಕೆ ಬೇಡ ಎಂದವರು, ಲಸಿಕೆ ಕೈಗೆ ಸಿಗದೇ ಹೋದವರು. ಇವರನ್ನು ಬೇರೆ ಮಾಡದೆ ಅಜ್ಞಾನ ಎಂಬ ಒಂದೇ ಹೆಸರಿಟ್ಟರೆ ಆ ಹೆಂಗಸರಿಗೆ ಅನ್ಯಾಯವಾಗುತ್ತದೆ, ನಿಮ್ಮ ಶ್ರಮವೂ ವ್ಯರ್ಥ. ಕಳೆದ ಆರು ತಿಂಗಳಲ್ಲಿ ಹೆರಿಗೆಯಾದ ಮೂವತ್ತು ಜನರನ್ನು ಕೇಳಿ ಬರೆದುಕೊಳ್ಳಿ. ಮೊದಲ ತಪಾಸಣೆಗೆ ಹೋದದ್ದು ಎಷ್ಟನೇ ತಿಂಗಳಲ್ಲಿ? ಒಟ್ಟು ಎಷ್ಟು ಸಲ ಹೋದರು? ಲಸಿಕೆಯ ಮಾತನ್ನು ಅಲ್ಲಿ ಯಾರಾದರೂ ಎತ್ತಿದರೇ? ಅಂದೇ ಕೊಟ್ಟರೇ, ಇನ್ನೊಂದು ದಿನ ಬಾ ಎಂದರೇ? ಬೇಡವೆಂದಿದ್ದರೆ ಏಕೆ? ಈ ಕೊನೆಯ ಉತ್ತರವನ್ನು ಅವರದೇ ಮಾತಿನಲ್ಲಿ ಬರೆಯಿರಿ, ತಿದ್ದಬೇಡಿ.

ಮೊದಲ ಪ್ರಶ್ನೆಯೇ ಬಹಳಷ್ಟನ್ನು ಬಿಡಿಸುತ್ತದೆ. ಧನುರ್ವಾಯು ಮತ್ತು ಗಂಟಲಮಾರಿಗೆ ಕೊಡುವ ಟಿಡಿ ಲಸಿಕೆಯನ್ನು ಹಿಂದೆಂದೂ ಪಡೆಯದವಳಿಗೆ ಎರಡು ಡೋಸ್ ಬೇಕು. ಮೊದಲನೆಯದು ಆದಷ್ಟು ಬೇಗ. ಎರಡನೆಯದು ಕನಿಷ್ಠ 4 ವಾರ ಬಿಟ್ಟು, ಹೆರಿಗೆಗೆ ಕನಿಷ್ಠ 2 ವಾರ ಮೊದಲು. ನಲವತ್ತು ವಾರದ ಲೆಕ್ಕ ಹಿಡಿದರೂ 34ನೇ ವಾರ ದಾಟಿ ಬಂದವಳಿಗೆ ಈ ಲೆಕ್ಕ ಕೂಡುವುದಿಲ್ಲ. ಶಿಶುಗಳ ಶ್ವಾಸಕೋಶಕ್ಕೆ ತಗಲುವ ಆರ್‌ಎಸ್‌ವಿ ಎಂಬ ವೈರಸ್ಸಿನ ಲಸಿಕೆಯನ್ನು ಅಮೆರಿಕದಲ್ಲಿ 32ರಿಂದ 36ನೇ ವಾರದೊಳಗೆ ಕೊಡುತ್ತಾರೆ, ಬ್ರಿಟನ್ನಿನಲ್ಲಿ 28ನೇ ವಾರದಿಂದ. ನಾಯಿಕೆಮ್ಮಿನದನ್ನು ಅಮೆರಿಕದಲ್ಲಿ ಪ್ರತಿ ಬಸಿರಿನಲ್ಲೂ 27ರಿಂದ 36ನೇ ವಾರದೊಳಗೆ ಕೊಡುತ್ತಾರೆ. ತಾಯಿಯ ಮೈಯಲ್ಲಿ ರೋಗ ತಡೆಯುವ ಪ್ರತಿಕಾಯ ಹುಟ್ಟಿ ಮಾಸಿನ ಮೂಲಕ ಮಗುವಿಗೆ ಇಳಿಯಲು ಸುಮಾರು ಎರಡು ವಾರ ಬೇಕು. ಫ್ಲೂ ಚುಚ್ಚುಮದ್ದಿಗೆ ಮಾತ್ರ ಯಾವ ತಿಂಗಳಾದರೂ ಆದೀತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಎಂಟು ಭೇಟಿಗಳನ್ನು, ಮೊದಲನೆಯದು 12 ವಾರದೊಳಗೆ ಆಗಬೇಕೆಂದು ಶಿಫಾರಸು ಮಾಡಿತು. ಆದರೆ ಒಂದು ಭೇಟಿಗೆ ಒಂದು ದಿನದ ಕೂಲಿ ಹೋಗುವವಳಿಗೆ ಎಂಟು ಭೇಟಿ ಎಂದರೆ ಎಂಟು ದಿನದ ಅನ್ನ. ಹಿಂದಿನ ಹೆರಿಗೆಯಲ್ಲಿ ಬೈಸಿಕೊಂಡವಳು ಈ ಸಲ ತಡಮಾಡಿಯೇ ಬರುತ್ತಾಳೆ. ಲಸಿಕೆ ಉಚಿತವಾದ ಮಾತ್ರಕ್ಕೆ ಹೋಗಿಬರುವುದು ಉಚಿತವಾಗಲಿಲ್ಲ.

ಇನ್ನು ಕೇಂದ್ರದ ಒಳಗೆ ಬನ್ನಿ. ಬಂದವಳು ಬರಿಗೈಯಲ್ಲಿ ಹೋಗುವುದೇ ನಮಗೆ ಹೆಚ್ಚು ನೋವು ತರುವ ಸಂಗತಿ. ಸೀಸೆಯಲ್ಲಿ ಹತ್ತು ಡೋಸ್, ಎದುರಿಗಿರುವುದು ಒಬ್ಬಳೇ ಗರ್ಭಿಣಿ. ಉಳಿದ ಒಂಬತ್ತು ಹಾಳಾದೀತೆಂದು ನರ್ಸ್ ‘ಲಸಿಕೆ ದಿನ ಬಾ’ ಎನ್ನುತ್ತಾರೆ. ಅವಳು ಮತ್ತೆ ಬರುವುದಿಲ್ಲ. ಈ ಭಯ ಬಹುಮಟ್ಟಿಗೆ ಅನಗತ್ಯ. ವಿಶ್ವ ಆರೋಗ್ಯ ಸಂಸ್ಥೆಯ ತೆರೆದ ಸೀಸೆ ನಿಯಮದಂತೆ, ಸಂಸ್ಥೆ ಮಾನ್ಯಮಾಡಿದ ಟಿಡಿ ಸೀಸೆಯನ್ನು ತೆರೆದ ಮೇಲೂ 28 ದಿನದವರೆಗೆ ಬಳಸಬಹುದು. ಆದರೆ ಅವಧಿ ಮುಗಿದಿರಬಾರದು, 2ರಿಂದ 8 ಡಿಗ್ರಿಯಲ್ಲೇ ಇಟ್ಟಿರಬೇಕು, ರಬ್ಬರ್ ಮುಚ್ಚಳ ನೀರಿನಲ್ಲಿ ಮುಳುಗಿರಬಾರದು, ಸೀಸೆಯ ಮೇಲಿನ ಬಣ್ಣದ ಗುರುತು ಎಸೆಯುವ ಹಂತಕ್ಕೆ ಬಂದಿರಬಾರದು, ಪ್ರತಿ ಸಲವೂ ಹೊಸ ಸಿರಿಂಜಿನಿಂದ ಶುಚಿಯಾಗಿ ಎಳೆದಿರಬೇಕು. ತೆರೆದ ತಾರೀಖನ್ನು ಸೀಸೆಯ ಮೇಲೆಯೇ ಬರೆಯಬೇಕು. ಒಂದು ಎಚ್ಚರಿಕೆ: ಟಿಡಿ ಹೆಪ್ಪುಗಟ್ಟಿದರೆ ಕೆಟ್ಟಿತು, ಮತ್ತು ಆ ಬಣ್ಣದ ಗುರುತು ಶಾಖವನ್ನು ತೋರಿಸುತ್ತದೆಯೇ ಹೊರತು ಹೆಪ್ಪುಗಟ್ಟಿದ್ದನ್ನಲ್ಲ. ಹಾಗಾಗಿ ಫ್ರೀಜರಿಗೆ ತಾಗಿಸಿ ಇಡಲೇಬಾರದು.

ತಪಾಸಣೆ ಒಂದು ದಿನ, ಲಸಿಕೆ ಇನ್ನೊಂದು ದಿನ ಎಂಬ ಏರ್ಪಾಡಿದ್ದರೆ ಅದನ್ನು ಒಂದೇ ದಿನ, ಒಂದೇ ಮೇಜಿಗೆ ತರಲು ಕೇಳಿ. ಕಾರ್ಡ್ ಕಳೆದವರಿಗೆ ಹಳೆಯ ಡೋಸ್‌ಗಳ ಲೆಕ್ಕ ತಪ್ಪುತ್ತದೆ. ಕಾರ್ಡಿನ ಫೋಟೋ ಫೋನಿನಲ್ಲಿರಲಿ, ಒಂದು ನಕಲು ಕೇಂದ್ರದಲ್ಲಿರಲಿ. ಸರಿಯಾದ ಅಂತರದಲ್ಲಿ ಐದು ಡೋಸ್ ಮುಗಿದರೆ ಹೆರುವ ವಯಸ್ಸು ಮುಗಿಯುವವರೆಗೆ ಧನುರ್ವಾಯುವಿನಿಂದ ರಕ್ಷಣೆಯುಂಟು, ಆ ಲೆಕ್ಕಕ್ಕೆ ಅಷ್ಟು ಬೆಲೆಯಿದೆ.

ಈಗ ನಿಜವಾಗಿ ‘ಬೇಡ’ ಎಂದವರು. ಅವರ ಭಯಕ್ಕೆ ಚರಿತ್ರೆಯಿದೆ. ಬಸುರಿಯರ ವಾಂತಿಗೆಂದು ಕೊಟ್ಟ ಥಾಲಿಡೊಮೈಡ್ ಮಾತ್ರೆ ಸಾವಿರಾರು ಶಿಶುಗಳ ಕೈಕಾಲು ಊನ ಮಾಡಿತು. ಜರ್ಮನಿಯಲ್ಲಿ ಅದನ್ನು ಹಿಂತೆಗೆದುಕೊಂಡದ್ದು 1961ರಲ್ಲಿ. ಬಸಿರಿನಲ್ಲಿ ಔಷಧ ಮುಟ್ಟಬಾರದೆಂಬ ಎಚ್ಚರ ಮೂರ್ಖತನವಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ವೈದ್ಯರು ಕಪ್ಪು ಜನರ ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕೆ ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತ ಕೂತರು. ಆ ಅಪನಂಬಿಕೆ ಇನ್ನೂ ಆರಿಲ್ಲ. ಕೋವಿಡ್ ಲಸಿಕೆಯ ಮೊದಲ ದೊಡ್ಡ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಲಿಲ್ಲ, ಸಲಹೆಯೂ ದೇಶದಿಂದ ದೇಶಕ್ಕೆ, ತಿಂಗಳಿಂದ ತಿಂಗಳಿಗೆ ಬದಲಾಯಿತು. ಆ ಗೊಂದಲಕ್ಕೆ ಹೆಂಗಸರು ಹೊಣೆಯಲ್ಲ.

ಧನುರ್ವಾಯು ಲಸಿಕೆಯಿಂದ ಬಂಜೆತನ ಬರುತ್ತದೆಂಬ ವದಂತಿ 2014ರಲ್ಲಿ ಕೀನ್ಯಾದಲ್ಲಿ ಜೋರಾಗಿ ಹಬ್ಬಿತ್ತು. ಅಪರಿಚಿತರು ಬಂದು, ಹೆರುವ ವಯಸ್ಸಿನ ಹೆಂಗಸರಿಗಷ್ಟೇ ಏನನ್ನೋ ಚುಚ್ಚಿ, ಕಾರಣ ಹೇಳದೆ ಹೋದರೆ ಯಾರಿಗೂ ಅನುಮಾನ ಬಂದೀತು. ಗದರದೆ ಕಾರಣ ಹೇಳಿ: ಕೊಳಕು ಬ್ಲೇಡಿನಿಂದ ಹೊಕ್ಕುಳಬಳ್ಳಿ ಕತ್ತರಿಸಿದಾಗ ಶಿಶುವಿಗೆ ಧನುರ್ವಾಯು ತಗಲುತ್ತದೆ, ತಾಯಿಯ ಪ್ರತಿಕಾಯವೇ ಅದಕ್ಕೆ ಕಾವಲು. 1988ರಲ್ಲಿ ಈ ರೋಗದಿಂದ ಸತ್ತ ನವಜಾತ ಶಿಶುಗಳು 7,87,000 ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2018ರ ಹೊತ್ತಿಗೆ ಅದು ಸುಮಾರು 25,000ಕ್ಕೆ ಇಳಿಯಿತು.

ತೋಳು ನೋಯುತ್ತದೆ, ಒಂದೆರಡು ದಿನ ಸಣ್ಣ ಜ್ವರ ಬರಬಹುದು ಎಂದು ಚುಚ್ಚುವ ಮೊದಲೇ ಹೇಳಿ. ಲಸಿಕೆ ಇರಲಿ ಬಿಡಲಿ, ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಗರ್ಭಪಾತವಾಗಿ ಇಳಿದುಹೋಗುತ್ತವೆ. ಅವುಗಳಲ್ಲಿ ಕೆಲವು ಚುಚ್ಚುಮದ್ದಿನ ಮರುವಾರವೇ ಆಗಿ ಕೇರಿಯಲ್ಲಿ ಮಾತಾಗುತ್ತದೆ. ಇದನ್ನೂ ಮುಚ್ಚಿಡಬೇಡಿ. ದಡಾರ-ರುಬೆಲ್ಲಾ, ಸಿಡುಬಿನಂತೆ ಏಳುವ ಚಿಕನ್‌ಪಾಕ್ಸ್, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ – ಜೀವಂತ ವೈರಸ್ ಇರುವ ಇಂಥವನ್ನು ಬಸಿರಿನಲ್ಲಿ ಕೊಡುವುದಿಲ್ಲವೆಂದು ತಿಳಿಸಿದರೆ, ಆರಿಸಿಯೇ ಕೊಡುತ್ತಾರೆಂಬುದು ಅವರಿಗೂ ಮನದಟ್ಟಾಗುತ್ತದೆ.

ಯಾರು ಹೇಳುತ್ತಾರೆ ಎಂಬುದು ಕರಪತ್ರಕ್ಕಿಂತ ಮುಖ್ಯ. ದೇಶ ಯಾವುದಾದರೂ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ: ತನ್ನನ್ನು ತಪಾಸಣೆ ಮಾಡುವವರು ನೇರವಾಗಿ ಶಿಫಾರಸು ಮಾಡಿದವಳು ಹಾಕಿಸಿಕೊಳ್ಳುವ ಸಂಭವ ಹೆಚ್ಚು. ‘ಬೇಕಿದ್ದರೆ ಹಾಕಿಸ್ಕೊಳ್ಳಮ್ಮ’ ಎಂದರೆ ಬೇಡವೆಂದೇ ಕೇಳಿಸುತ್ತದೆ. ‘ಇವತ್ತು ನಿನಗೆ ಟಿಡಿ ಇದೆ, ಮಗೂಗೆ ಒಳ್ಳೇದು. ಏನಾದ್ರೂ ಕೇಳೋದಿದೆಯಾ?’ ಎಂದು ಅವಳ ಭಾಷೆಯಲ್ಲಿ ಹೇಳಿ, ಉತ್ತರಕ್ಕೆ ಕಾಯಬೇಕು. ಮನೆಯಲ್ಲಿ ತೀರ್ಮಾನ ಅತ್ತೆಯದೋ ಗಂಡನದೋ ಆಗಿದ್ದರೆ ಅವರನ್ನೂ ಒಳಗೆ ಕರೆಯಲಿ. ಸೂಲಗಿತ್ತಿಯನ್ನು ಬಿಟ್ಟು ಈ ಕೆಲಸಕ್ಕೆ ಹೊರಡಬೇಡಿ.

ಮೂವತ್ತು ಜನರ ಪಟ್ಟಿ ಮುಗಿದ ಮೇಲೆ ಕಾರಣವಾರು ಎಣಿಸಿ. ‘ಇನ್ನೊಂದು ದಿನ ಬಾ’ ಎನಿಸಿಕೊಂಡವರೇ ಹೆಚ್ಚಿದ್ದರೆ ಕೇಂದ್ರದ ವೈದ್ಯಾಧಿಕಾರಿಯ ಬಳಿ ಆ ಹಾಳೆ ಹಿಡಿದು ಹೋಗಿ. ತಡವಾಗಿ ಬಂದವರು ಹೆಚ್ಚಿದ್ದರೆ ಕೆಲಸ ಬಿಟ್ಟ ಮೇಲೆ, ಸಂಜೆ ತಪಾಸಣೆ ಇಡಲು ಕೇಳಿ. ಹೆಸರುಗಳನ್ನು ತೆಗೆದು ನಮಗೂ ಒಂದು ಪ್ರತಿ ಕಳುಹಿಸಿ, ಅದರ ಮೇಲೆ ಮುಂದಿನ ಮಾತಾಡೋಣ.